ಹತ್ತು ಲಕ್ಷದ ಒಂಬತ್ತು

ಫೆಬ್ರವರಿ 3

ಅಕ್ಕನಿಗೆ,

ಮೂವತ್ತನಾಲ್ಕು ವರ್ಷ ಬಿಟ್ಟು ಬರೆಯುತ್ತಿದ್ದೇನೆ. ನೀನು ಅನ್ನಲೋ ನೀವು ಅನ್ನಲೋ ಗೊತ್ತಾಗದೆ ಎರಡು ಹಾಳೆ ಹರಿದುಹಾಕಿದ್ದಾಯಿತು. ಕೊನೆಗೆ ನೀನು ಎಂದೇ ಇರಲಿ ಅಂದುಕೊಂಡೆ. ನೀವು ಅನ್ನುವಷ್ಟು ಮರ್ಯಾದೆ ನನ್ನ ಮನಸ್ಸಿನಲ್ಲಿ ಇನ್ನೂ ಹುಟ್ಟಿಲ್ಲ.

ವಿಳಾಸ ಎಲ್ಲಿ ಸಿಕ್ಕಿತು ಎಂದು ಕೇಳಬೇಡ. ಹೋದ ವರ್ಷ ನಿನ್ನ ಮಗಳು ನನಗೊಂದು ಕಾರ್ಡು ಹಾಕಿದ್ದಳು. ಉತ್ತರ ಕೊಡಲಿಲ್ಲ, ಬಿಸಾಡಲೂ ಇಲ್ಲ.

ವಿಷಯ ಇಷ್ಟು. ನಮ್ಮ ಕೋಷ್ಟಕ ಕಚೇರಿಯನ್ನು ಮುಚ್ಚುತ್ತಿದ್ದಾರೆ. ಯಾವ ಸಂಖ್ಯೆ ಯಾವುದರಿಂದ ಭಾಗವಾಗುತ್ತದೆ ಎಂದು ನೋಡಲು ಈಗ ನಮ್ಮ ದಪ್ಪ ಪುಸ್ತಕಗಳನ್ನು ಯಾರೂ ತೆರೆಯುವುದಿಲ್ಲ. ಕಂಪ್ಯೂಟರು ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಡುತ್ತದೆ. ನಿವೃತ್ತಿಗೆ ಮೂರು ತಿಂಗಳಿರುವ ನನ್ನನ್ನು ನೆಲಮಾಳಿಗೆಯ ಉಗ್ರಾಣ ಖಾಲಿ ಮಾಡಲು ಕೂರಿಸಿದ್ದಾರೆ. ಅಲ್ಲಿ ನಿನ್ನ ಕಚ್ಚಾ ಹಾಳೆಗಳ ಏಳು ಕಟ್ಟು ಸಿಕ್ಕಿವೆ. ನಿನಗೆ ಬೇಕೋ, ರದ್ದಿಗೆ ಹಾಕಲೋ ತಿಳಿಸು.

ಬೇಡ ಅನ್ನುವೆಯೇನೋ. ನಡೆದದ್ದನ್ನು ಮರೆತಿರಲೂಬಹುದು, ಅದಕ್ಕೇ ಜ್ಞಾಪಿಸುತ್ತೇನೆ. ಒಂದೇ ಸಂಖ್ಯೆ, ಎರಡು ಕೋಣೆ. ಎಡಕೋಣೆಯಲ್ಲಿ ನೀನು, ಬಲಕೋಣೆಯಲ್ಲಿ ನಾನು. ಎರಡರಿಂದ ಹಿಡಿದು ಸಾವಿರದೊಳಗಿನ ನೂರ ಅರವತ್ತೆಂಟು ಅವಿಭಾಜ್ಯ ಸಂಖ್ಯೆಗಳಿಂದ ಒಂದಾದ ಮೇಲೊಂದರಂತೆ ಭಾಗಿಸಬೇಕು. ಯಾವುದಾದರೂ ಶೇಷವಿಲ್ಲದೆ ಭಾಗಿಸಿದರೆ ಅದನ್ನು ಬರೆಯಬೇಕು. ಒಂದೂ ಭಾಗಿಸದಿದ್ದರೆ ಒಂದು ಗೀಟು, ಅಂದರೆ ಒಡೆಯದ ಸಂಖ್ಯೆ. ಎರಡು ಕೋಣೆಯ ಉತ್ತರವೂ ತಾಳೆಯಾದರೆ ಅಚ್ಚಿಗೆ. ಒಬ್ಬರು ಇನ್ನೊಬ್ಬರ ಹಾಳೆ ನೋಡುವಂತಿಲ್ಲ, ಮನೆಯಲ್ಲೂ ಸಂಖ್ಯೆಯ ಮಾತೆತ್ತುವಂತಿಲ್ಲ.

ಹೊಸ ಸಂಪುಟದ ಮೊದಲ ಪುಟದಲ್ಲೇ ಹತ್ತು ಲಕ್ಷದ ಒಂಬತ್ತರ ಮುಂದೆ ಗೀಟು ಬಿತ್ತು. ಪುಸ್ತಕ ಹೊರಬಂದ ತಿಂಗಳಿಗೆ ಯಾರೋ ಶಾಲೆಯ ಮೇಷ್ಟರು ಒಂದೇ ಒಂದು ಕಾರ್ಡು ಬರೆದರು. ಸಾವಿರದ ವರ್ಗಕ್ಕೆ ಮೂರರ ವರ್ಗ ಕೂಡಿಸಿದರೂ ಇದೇ ಸಂಖ್ಯೆ, 972ರ ವರ್ಗಕ್ಕೆ 235ರ ವರ್ಗ ಕೂಡಿಸಿದರೂ ಇದೇ ಸಂಖ್ಯೆ. ಹೀಗೆ ಎರಡು ಬಗೆಯಲ್ಲಿ ಎರಡು ವರ್ಗಗಳ ಮೊತ್ತವಾಗುವ ಸಂಖ್ಯೆ ಒಡೆಯದೆ ಇರುವುದಿಲ್ಲ, ದಯವಿಟ್ಟು ಹುಡುಕಿ, ಎಂದು. ಹುಡುಕಿದರು. 293 ಇಂಟು 3413. ಎರಡು ಕೋಣೆಯಲ್ಲಿ ಒಂದೇ ತಪ್ಪು ತಾನಾಗಿ ಆಗುವುದಿಲ್ಲ, ಯಾರು ಯಾರದನ್ನು ನೋಡಿ ಬರೆದಿರಿ ಎಂದು ದೊಡ್ಡ ಸಾಹೇಬರು ಕೇಳಿದರು. ಅವರ ಮಾತು ಮುಗಿಯುವ ಮೊದಲೇ ನೀನು, "ನಾನೇ ಸಾರ್, ತಂಗಿ ಹಾಳೆ ನೋಡಿ ಬರೆದೆ" ಅಂದೆ.

ನಿನ್ನ ಕೆಲಸ ಹೋಯಿತು. ನಾನು ಮಾತ್ರ ಕಳ್ಳಿಯ ತಂಗಿ ಅನ್ನಿಸಿಕೊಂಡು ಅದೇ ಬಲಕೋಣೆಯಲ್ಲಿ ಕೂತೆ. ಬೇರೆ ಯಾರ ಹಾಳೆಯೂ ಸಿಗಲಿಲ್ಲವೇ ನಿನಗೆ?

ಉತ್ತರ ಬೇಗ ಬರಲಿ. ರದ್ದಿಯವನು ತಿಂಗಳ ಕೊನೆಗೆ ಬರುತ್ತಾನೆ.

ಇಂತಿ,
ತಂಗಿ


ಫೆಬ್ರವರಿ 19

ಗುಬ್ಬಿಗೆ,

ನಿನ್ನ ಮೂಗಿನ ತುದಿಯ ಸಿಟ್ಟು ಇನ್ನೂ ಅಲ್ಲೇ ಕೂತಿದೆಯಲ್ಲ, ಓದಿ ನಕ್ಕೆ. ಆಮೇಲೆ ಅತ್ತೆ. ಮಗಳಿಗೆ ಕಾಣದ ಹಾಗೆ ಬಟ್ಟೆಯ ಗಂಟಿನ ಹಿಂದೆ ಕೂತು ಅತ್ತೆ.

ಹಾಳೆಗಳು ನನಗೆ ಬೇಡ, ರದ್ದಿಗೆ ಹಾಕು. ನಾನು ನೋಡಿ ಬರೆದೆ, ಅಷ್ಟೇ. ನಿನ್ನ ಕೆಲಸ ಉಳಿಯಿತಲ್ಲ, ಅದು ಸಾಕು.

ನನ್ನದು ಈಗ ಹೊಲಿಗೆ ಅಂಗಡಿ. ಶಾಲೆ ಮಕ್ಕಳ ಸಮವಸ್ತ್ರ, ಆಸ್ಪತ್ರೆಯ ಪರದೆ. ಇಬ್ಬರು ಹೆಂಗಸರು ಕೆಲಸಕ್ಕಿದ್ದಾರೆ. ಕತ್ತರಿಸುವುದು ಮಾತ್ರ ನಾನೇ. ಹೋದ ವಾರ ಒಂದು ಅಂಗಿಗೆ ಎರಡೂ ಎಡತೋಳೇ ಕತ್ತರಿಸಿಟ್ಟಿದ್ದೆ. ಮಗಳು ಬೈದಳು. "ಎಡಕೋಣೆಯಲ್ಲಿ ಕೂತವಳು ಕಣೇ, ಕೈ ಆ ಕಡೆಗೇ ಹೋಗುತ್ತೆ" ಅಂದೆ. ಅವಳಿಗೆ ಅರ್ಥವಾಗಲಿಲ್ಲ, ನಿನಗಾಗುತ್ತದೆ.

ಊಟ ಮಾಡುವಾಗ ಈಗಲೂ ಪುಸ್ತಕ ಓದುತ್ತೀಯಾ? ಗಂಟಲಿಗೆ ಸಿಕ್ಕಿಸಿಕೊಳ್ಳಬೇಡ.

ನಿನ್ನನ್ನು ದಿನವೂ ನೆನೆಯುವ,
ಅಕ್ಕ

ಚಿಕ್ಕಮ್ಮ, ಕೆಳಗೆ ನಾನು ಎರಡು ಮಾತು ಸೇರಿಸುತ್ತಿದ್ದೇನೆ. ಇದೇ ಪತ್ರ ನಿಮಗೆ ಎರಡು ಸಲ ಬಂದರೆ ಆಶ್ಚರ್ಯಪಡಬೇಡಿ. ಅಮ್ಮ ಬರೆದು ಅಂಚೆಗೆ ಹಾಕಿ ಬಂದು ಮತ್ತೆ ಬರೆಯಲು ಕೂತಿದ್ದರು. ಒಂದು ವರ್ಷದಿಂದ ಮರೆವು ಹೆಚ್ಚುತ್ತಿದೆ. ಇದು ನಿಲ್ಲುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹೋದ ವರ್ಷ ಕಾರ್ಡು ಹಾಕಿದ್ದೂ ಅದಕ್ಕೇ.


ಮಾರ್ಚ್ 8

ಅಕ್ಕಾ,

ನಿನ್ನ ಪತ್ರ ಎರಡಲ್ಲ, ಮೂರು ಬಂದವು. ಮೂರರಲ್ಲೂ ಅದೇ ಸಾಲು: ನಿನ್ನ ಕೆಲಸ ಉಳಿಯಿತಲ್ಲ.

ಮೊದಲ ಸಲ ಓದಿದಾಗ ಮೈ ಉರಿಯಿತು. ಕದ್ದವಳು ನೀನು, ಉಳಿದದ್ದು ನನ್ನ ಕೆಲಸ ಹೇಗಾಯಿತು ಎಂದು. ಎರಡನೆಯ ಸಲ ಓದಿ ಆ ಸಾಲಿನ ಕೆಳಗೆ ಗೆರೆ ಎಳೆದೆ. ನಾನು ನೋಡಿ ಬರೆದೆ ಎಂದು ತಿಳಿದು ನೀನು ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡೆಯಾ? ಅಕ್ಕಾ, ನಾನು ಯಾರದನ್ನೂ ನೋಡಲಿಲ್ಲ. ಅಮ್ಮನ ಆಣೆಗೂ ನೋಡಲಿಲ್ಲ.

ರದ್ದಿಯವನನ್ನು ವಾಪಸು ಕಳಿಸಿ ನಿನ್ನ ಕಟ್ಟು ಬಿಚ್ಚಿದೆ. ಆಮೇಲೆ ನನ್ನದನ್ನು ಹುಡುಕಿದೆ. ನಾಲ್ಕು ದಿನ ಬೇಕಾಯಿತು. ಎರಡನ್ನೂ ಉಗ್ರಾಣದ ನೆಲದ ಮೇಲೆ ಅಕ್ಕಪಕ್ಕ ಹರಡಿ, ಮಂಡಿಯೂರಿ, ಮೂವತ್ತನಾಲ್ಕು ವರ್ಷದ ಹಿಂದೆ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದೆ.

97ರ ಸಾಲಿನಲ್ಲಿ ನೀನು ಶೇಷ 63 ಎಂದು ಬರೆದು, ಹೊಡೆದುಹಾಕಿ, 36 ಮಾಡಿದ್ದೀಯ. ನನ್ನದರಲ್ಲಿ ನೇರವಾಗಿ 36. 139ರ ಹತ್ತಿರ ನಾನು ಒದ್ದಾಡಿ ಎರಡನೆಯ ಸಲಕ್ಕೆ 43ಕ್ಕೆ ಬಂದಿದ್ದೇನೆ. ನಿನ್ನದು ಅಲ್ಲಿ ಚೊಕ್ಕವಾಗಿದೆ. ನೋಡಿ ಬರೆಯುವವರು ಹೀಗೆ ಬೇರೆ ಬೇರೆ ಕಡೆ ಎಡವುವುದಿಲ್ಲ. ಇಬ್ಬರೂ ಅವರವರ ಲೆಕ್ಕ ಅವರವರೇ ಮಾಡಿದ್ದೇವೆ.

ಇನ್ನು ಕೇಳು. ನಮ್ಮ ಹಾಳೆಯಲ್ಲಿ ಪುಟಕ್ಕೆ ಅರವತ್ತೆರಡು ಸಾಲು. ಅರವತ್ತೊಂದನೆಯ ಸಾಲು 283, ನಿನ್ನ ಶೇಷ 170, ನನ್ನ ಶೇಷ 170. ಅದರ ಕೆಳಗೆ, ಪುಟದ ಕೊನೆಯ ಸಾಲು, 293 ಬರಬೇಕಾದ ಜಾಗ, ನಿನ್ನದರಲ್ಲಿ ಖಾಲಿ. ನನ್ನದರಲ್ಲೂ ಖಾಲಿ. ಎರಡನೆಯ ಪುಟ ಇಬ್ಬರದೂ 307ರಿಂದ ಶುರು. ಮೊದಲ ಪುಟದ ತಾರೀಕಿನ ಮೊಹರಿಗೂ ಎರಡನೆಯ ಪುಟದ ಮೊಹರಿಗೂ ನಡುವೆ ಹದಿನೈದು ದಿನ.

ಮೊದಲ ಪುಟದ ತಾರೀಕನ್ನು ಎರಡು ಸಲ ಓದಿದೆ. ಅದು ಅಮ್ಮ ಹೋದ ದಿನ.

ಒಂಬತ್ತಕ್ಕೆ ಗಂಟೆ ಹೊಡೆದು ಎರಡೂ ಕೋಣೆಗೆ ಅದೇ ಸಂಖ್ಯೆ ಕೊಟ್ಟಿದ್ದರು. ಹತ್ತೂವರೆಗೆ ಆಸ್ಪತ್ರೆಯಿಂದ ಫೋನು ಬಂತು. ಒಬ್ಬಳಿಗೆ ಮೊದಲು, ಇನ್ನೊಬ್ಬಳಿಗೆ ಆಮೇಲೆ ಆಗುವುದು ಬೇಡ ಎಂದು ಸಾಹೇಬರು ಎರಡು ಬಾಗಿಲಿಗೂ ಒಬ್ಬೊಬ್ಬ ಜವಾನನನ್ನು ಒಟ್ಟಿಗೇ ಕಳಿಸಿದರು. ನಮ್ಮಿಬ್ಬರ ಕೈಯೂ ಒಂದೇ ವೇಗ. ಚಿಕ್ಕಂದಿನಲ್ಲಿ ಅಮ್ಮ ಇಬ್ಬರನ್ನೂ ಎದುರುಬದುರು ಕೂರಿಸಿ ಜೋರಾಗಿ ಲೆಕ್ಕ ಹೇಳಿಸುತ್ತಿದ್ದಳಲ್ಲ, ಒಬ್ಬಳು ಮುಂದೆ ಓಡಿದರೆ ಇಬ್ಬರಿಗೂ ಬೈಗುಳ. ಜವಾನ ಬಂದಾಗ ನನ್ನ ಲೆಕ್ಕದ ಯಂತ್ರದಲ್ಲಿ 293 ಕೂರಿಸಿ ಆಗಿತ್ತು, ಹಿಡಿಕೆ ತಿರುಗಿಸುವುದೊಂದು ಬಾಕಿ. ರಜೆ ಮುಗಿಸಿ ಬಂದಾಗ, 293ರ ಹತ್ತಿರ ಇದ್ದೆ ಅನ್ನುವುದಷ್ಟೇ ನೆನಪಿತ್ತು. ಆ ಪುಟ ಮುಗಿಯಿತು ಅಂದುಕೊಂಡು ಹೊಸ ಪುಟ ತೆಗೆದೆ. ನೀನೂ ಹಾಗೇ ಮಾಡಿರಬೇಕು.

ಸಾಹೇಬರು ಕೇಳಿದಾಗ ನೀನು ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಅವರೇ ಕಚ್ಚಾ ಹಾಳೆ ತರಿಸಿ ನೋಡುತ್ತಿದ್ದರು. ನೀನು ಒಪ್ಪಿಕೊಂಡೆ, ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಬರೆಯೇ ಅಕ್ಕಾ. ನಾನು ಕದ್ದೆ ಎಂದೇ ಅಂದುಕೊಂಡಿದ್ದೆಯಾ?

ಗುಬ್ಬಿ


ಮಾರ್ಚ್ 27

ಗುಬ್ಬೀ,

ಇವತ್ತು ತಲೆ ತಿಳಿಯಾಗಿದೆ. ಬೇಗ ಬರೆದುಬಿಡುತ್ತೇನೆ.

ಹೌದು, ಹಾಗೇ ಅಂದುಕೊಂಡಿದ್ದೆ. ಅಮ್ಮ ಹೋದ ಮೇಲೆ ಹಿಂದುಳಿದ ಕೆಲಸ ಮುಗಿಸಲು ನಿಯಮ ಮುರಿದು ಹಾಳೆಗಳನ್ನು ಚೀಲದಲ್ಲಿ ಮನೆಗೆ ತಂದಿದ್ದೆ. ಚೀಲ ನಮ್ಮಿಬ್ಬರ ಕೋಣೆಯ ಮೊಳೆಗೆ ನೇತುಹಾಕಿರುತ್ತಿತ್ತು. ನಾನಂತೂ ನಿನ್ನದನ್ನು ನೋಡಿರಲಿಲ್ಲ. ಹಾಗಾದರೆ ನೀನೇ ಚೀಲಕ್ಕೆ ಕೈ ಹಾಕಿರಬೇಕು, ಅಳುತ್ತಾ ಕೂತ ಹುಡುಗಿ, ಲೆಕ್ಕ ಮಾಡಲು ಕೈ ಏಳದೆ ನೋಡಿ ಬರೆದಿದ್ದಾಳೆ, ಪಾಪ ಅನ್ನಿಸಿತು. ನಿನಗೆ ಇಪ್ಪತ್ತನಾಲ್ಕು. ನಾನು ದೊಡ್ಡವಳು.

ಆವತ್ತು ಕಚೇರಿಯ ಮೆಟ್ಟಿಲ ಮೇಲೆ ಎಲ್ಲರ ಮುಂದೆ ನೀನು, "ನಾಚಿಕೆ ಆಗಲ್ವಾ ನಿಂಗೆ?" ಅಂದೆ. ಜನ ನೋಡುತ್ತಿದ್ದಾರೆಂದು ನಾಟಕ ಆಡುತ್ತಿದ್ದೀಯ ಅಂದುಕೊಂಡು ನಾನು ಸುಮ್ಮನೆ ಇಳಿದು ಹೋದೆ. ಮನೆಗೆ ಬಂದು ನನ್ನನ್ನು ತಬ್ಬಿಕೊಂಡು ಅಳುತ್ತೀಯ ಎಂದು ಕಾದೆ. ನೀನು ಗೋಡೆಯ ಕಡೆ ತಿರುಗಿ ಮಲಗಿದೆ. ಎರಡು ತಿಂಗಳು ಕಾದು ಊರು ಬಿಟ್ಟೆ. ಇಷ್ಟು ಮಾಡಿದರೂ ಒಂದು ಮಾತಿಲ್ಲವಲ್ಲ ಎಂದು ನನಗೂ ಸಿಟ್ಟು ಬಂತು ಕಣೇ. ತುಂಬಾ ಬಂತು.

ಈಗ ನೀನು ಬರೆದದ್ದನ್ನು ನಂಬಬೇಕು ಅನ್ನಿಸುತ್ತದೆ. ಆದರೆ ಕಣ್ಣು ಮುಚ್ಚಿದರೆ ನನ್ನ ಕೈ ನಿನ್ನ ಹಾಳೆ ತಿರುವುತ್ತಿರುವುದೇ ಕಾಣುತ್ತದೆ. ಗಂಡನಿಗೆ ಹೇಳಿದೆ, ಮಗಳಿಗೆ ಹೇಳಿದೆ, ಅಂಗಡಿ ಹೆಂಗಸರಿಗೆ ಹೇಳಿದೆ, ನಾನು ನೋಡಿ ಬರೆದವಳು ಎಂದು. ಹೇಳಿ ಹೇಳಿ ಅದೇ ನಿಜವಾಗಿರಬೇಕು. ಬೇರೆ ನೆನಪು ಉಳಿದಿಲ್ಲ.

ನಾನು ನಿಜವಾಗಿಯೂ ನೋಡಿ ಬರೆದೆನಾ ಗುಬ್ಬಿ?

ಅಕ್ಕ

ಚಿಕ್ಕಮ್ಮ, ಅಮ್ಮ ಈ ಪತ್ರ ಬರೆದು ಮುಗಿಸಿದ್ದು ಬೆಳಿಗ್ಗೆ. ಸಂಜೆಗೆ ಅದನ್ನು ಬರೆದದ್ದೇ ನೆನಪಿರಲಿಲ್ಲ. ಆ ಒಂದು ಮಾತು ಮಾತ್ರ ಬಿಡುತ್ತಿಲ್ಲ. ಅಳತೆ ಕೊಡಲು ಬಂದವರಿಗೆಲ್ಲ, "ಸ್ವಲ್ಪ ನೋಡ್ಕೊಳಿ, ನಾನು ಒಂದ್ಸಲ ಮೋಸ ಮಾಡಿದವಳು" ಅನ್ನುತ್ತಾರೆ. ಟೇಪನ್ನು ಅವರ ಕೈಗೇ ಕೊಡುತ್ತಾರೆ. ಬೇರೆಲ್ಲ ಮರೆತರೂ ಮರೆಯಲಿ, ಈ ಸುಳ್ಳೊಂದನ್ನೇ ಇಟ್ಟುಕೊಂಡು ಅವರು ಹೋಗಬಾರದು. ದಯವಿಟ್ಟು ಆ ಹಾಳೆಗಳನ್ನು ಕಳಿಸಿ.


ಏಪ್ರಿಲ್ 10

ಮಗಳೇ,

ಇದು ನಿನಗೆ. ಎರಡು ಹಾಳೆಗಳನ್ನೂ ರಟ್ಟಿನ ನಡುವೆ ಇಟ್ಟು ಕಳಿಸುತ್ತಿದ್ದೇನೆ. ಕಚೇರಿಯ ಆಸ್ತಿ ಹೊರಗೆ ಹೋಗಕೂಡದು ಎಂದು ಗುಮಾಸ್ತ ಗೊಣಗಿದ. ಮೂವತ್ತೈದು ವರ್ಷದಲ್ಲಿ ನಾನು ಮುರಿದ ಮೊದಲ ನಿಯಮ ಇದು, ಬರೆದುಕೋ ಅಂದೆ.

ಅಕ್ಕನಿಗೆ ಏನನ್ನೂ ವಿವರಿಸಬೇಡ. ಹೇಳಿದ್ದು ಅವಳಲ್ಲಿ ನಿಲ್ಲುವುದಿಲ್ಲ, ತಾನೇ ಮಾಡಿದ್ದು ನಿಂತೀತು. ಅವಳ ಹಾಳೆಯನ್ನು ಮುಂದಿಟ್ಟು ಒಂದು ಪೆನ್ಸಿಲ್ ಕೊಡು. ಕೊನೆಯ ಸಾಲು ಖಾಲಿ ಇದೆ ಎಂದಷ್ಟೇ ಹೇಳು. ಖಾಲಿ ಸಾಲನ್ನು ನೋಡಿಕೊಂಡು ಸುಮ್ಮನಿರುವ ಹೆಂಗಸಲ್ಲ ಅವಳು. ಅದು ಮುಗಿದ ಮೇಲೆ ನನ್ನ ಹಾಳೆ ಕೊಡು.

ಆ ಮೆಟ್ಟಿಲ ಮೇಲಿನ ಮಾತು ನನ್ನನ್ನು ಕೊರೆಯುತ್ತಿದೆ. ನಾನು ಮಾಡಿಲ್ಲವೆಂದು ನನಗೆ ಗೊತ್ತಿತ್ತು, ಅವಳು ಮಾಡಿದೆ ಅಂದಳು, ನಂಬಿದೆ. ನನ್ನ ಅಕ್ಕ ಹಾಗೆ ಮಾಡುವವಳಲ್ಲ ಎಂದು ಒಂದು ಸಲವೂ ಅನ್ನಿಸಲಿಲ್ಲವಲ್ಲ ನನಗೆ. ಅವಳಾದರೋ ನಾನು ಕದ್ದೆನೆಂದು ನಂಬಿಯೂ ನನ್ನ ಕೈ ಬಿಡಲಿಲ್ಲ. ನಾನು ಅಷ್ಟನ್ನೂ ಮಾಡಲಿಲ್ಲ.

ಏನಾಯಿತೆಂದು ಬಿಡದೆ ಬರೆ.

ನಿನ್ನ ಚಿಕ್ಕಮ್ಮ


ಏಪ್ರಿಲ್ 24

ಚಿಕ್ಕಮ್ಮನವರಿಗೆ,

ನೀವು ಹೇಳಿದ ಹಾಗೇ ಮಾಡಿದೆ. ಮೊನ್ನೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು, ಕತ್ತರಿಸುವ ಮೇಜಿನ ಮೇಲೆ ಹಾಳೆ ಇಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಕೊನೆಗೆ ಬಂದು, "ಇದೇನಿದು, ಅರ್ಧಕ್ಕೆ ಬಿಟ್ಟಿದ್ದಾರೆ?" ಅಂದರು. ನಾನು ಪೆನ್ಸಿಲ್ ಮುಂದೆ ಸರಿಸಿದೆ.

ಬಟ್ಟೆಯ ನಮೂನೆ ಬರೆಯುವ ಕಂದು ಕಾಗದದ ಮೇಲೆ ಭಾಗಿಸಿದರು. ಕೈ ಒಂದು ಕಡೆಯೂ ತಡೆಯಲಿಲ್ಲ. ನನ್ನ ಹೆಸರು ಕರೆಯಲು ಯೋಚಿಸುವವರು! ಮೂರು ಬರೆದರು, ನಾಲ್ಕು ಬರೆದರು, ಒಂದು ಬರೆದರು, ಮತ್ತೆ ಮೂರು. ಕೊನೆಯಲ್ಲಿ 879ರ ಕೆಳಗೆ 879 ಬಂತು. ಅದರ ಕೆಳಗೆ ಸೊನ್ನೆ ಹಾಕಿ ಪೆನ್ಸಿಲ್ ಕೆಳಗಿಟ್ಟರು.

"ಅಯ್ಯೋ, ಒಡೀತಲ್ಲ! ಇದನ್ನ ಬಿಟ್ಟಿದ್ಯಾರು?"

"ನೀನೇ ಅಮ್ಮ. ಚಿಕ್ಕಮ್ಮನೂ ಬಿಟ್ಟಿದ್ರು."

"ಇಬ್ರೂನಾ? ಹಾಗೆಲ್ಲ ಆಗಲ್ಲಮ್ಮ."

ನಿಮ್ಮ ಹಾಳೆ ಕೊಟ್ಟೆ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೊರಗೆ ಬಂದು ನಿಂತಿದ್ದ ಹೆಂಗಸರಿಗೆ ಇರಿ ಎಂದು ಕೈಸನ್ನೆ ಮಾಡಿದೆ. ಆಮೇಲೆ ಅಮ್ಮ ಮೇಲಧಿಕಾರಿಯ ಹಾಗೆ ಗಟ್ಟಿ ದನಿಯಲ್ಲಿ ಹೇಳಿದರು. "ಯಾರೂ ಯಾರದ್ದೂ ನೋಡಿಲ್ಲ ಇಲ್ಲಿ. ಈ ಹುಡುಗಿ ಅವಳ ಪಾಡಿಗೆ ಮಾಡಿದಾಳೆ, ಇವಳು ಇವಳ ಪಾಡಿಗೆ ಮಾಡಿದಾಳೆ. ಇಬ್ಬರೂ ಒಳ್ಳೆ ಕೆಲಸದವರು."

ಚಿಕ್ಕಮ್ಮ, ನನಗೆ ಅಳು ತಡೆಯಲಾಗಲಿಲ್ಲ. ಅಷ್ಟಕ್ಕೇ ಹಾಳೆ ಎತ್ತಿಡಬೇಕಿತ್ತು. ನನಗೆ ಬುದ್ಧಿ ಹೊಳೆಯಲಿಲ್ಲ. ಅವರು ಖಾಲಿ ಸಾಲಿನ ಮೇಲೆ ಬೆರಳಾಡಿಸುತ್ತಾ, "ಇಷ್ಟು ಚೆನ್ನಾಗಿ ಮಾಡ್ಕೊಂಡು ಬಂದವರು ಇಲ್ಲೇ ಯಾಕೆ ನಿಲ್ಲಿಸಿದ್ರು? ಏನಾಯ್ತಂತೆ?" ಎಂದು ಕೇಳಿದರು.

"ಆವತ್ತು ಅಜ್ಜಿ ತೀರ್ಕೊಂಡ್ರಲ್ಲ ಅಮ್ಮ" ಅಂದೆ.

"ಯಾರು?"

"ಅಜ್ಜಿ. ನಿನ್ನ ಅಮ್ಮ."

ಅವರ ಮುಖ ನೋಡಿದ ಮೇಲೆಯೇ ನನಗೆ ತಿಳಿದದ್ದು, ಅದೂ ಅವರಲ್ಲಿ ಉಳಿದಿರಲಿಲ್ಲ ಎಂದು. ಈಗಷ್ಟೇ ಕೇಳಿದವರ ಹಾಗೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಮ್ಮ ಹೋದ್ಳಾ?" ಅಂದರು. ನಾನು ತಬ್ಬಿಕೊಳ್ಳಲು ಹೋದರೆ ಬಿಡಿಸಿಕೊಂಡು ಎದ್ದರು. ಅಳುತ್ತಲೇ ಮೇಜಿನ ಕೆಳಗೆ ಚಪ್ಪಲಿ ಹುಡುಕಿದರು.

"ಗುಬ್ಬಿಗೆ ಹೇಳಿದ್ರಾ? ಆ ಕೋಣೇಲಿ ಲೆಕ್ಕ ಮಾಡ್ತಾ ಕೂತಿರ್ತಾಳೆ. ಜವಾನನ ಕೈಲಿ ಹೇಳಿಸಬೇಡಿ. ಅವಳು ತಡ್ಕೊಳಲ್ಲ. ನಾನೇ ಹೇಳ್ತೀನಿ, ನಾನು ಹತ್ರ ಕೂತ್ಕೊಂಡು ಹೇಳ್ತೀನಿ."

ಅವತ್ತಿನಿಂದ ಅಂಗಡಿಯ ಬಾಗಿಲಲ್ಲಿ ಕೂತಿದ್ದಾರೆ. ಬೇರೆ ಎಲ್ಲ ಮರೆಯುತ್ತಾರೆ, ಇದೊಂದನ್ನು ಮರೆಯುತ್ತಿಲ್ಲ. ನೀವು ಬಂದಿರಾ ಎಂದು ಗಳಿಗೆಗೊಮ್ಮೆ ಕೇಳುತ್ತಾರೆ. ತಪ್ಪು ನನ್ನದು. ಏನು ಮಾಡಲಿ ಹೇಳಿ. ಚಿಕ್ಕಮ್ಮನಿಗೆ ಆಗಲೇ ಗೊತ್ತು ಅಂದುಬಿಡಲೇ?

ನಿಮ್ಮ ಮಗಳು


ಏಪ್ರಿಲ್ 26

ಮಗಳೇ,

ಹಾಗೆ ಹೇಳಬೇಡ. ಯಾವ ಕಾರಣಕ್ಕೂ ಹೇಳಬೇಡ.

ಈ ಚೀಟಿಯನ್ನು ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಉಗ್ರಾಣದ ಬೀಗದ ಕೈ ಒಪ್ಪಿಸಿ ನಾಳೆ ಬೆಳಗಿನ ಬಸ್ಸಿಗೆ ನಾನು ಬರುತ್ತೇನೆ. ಹನ್ನೊಂದಕ್ಕೆಲ್ಲ ನಿಮ್ಮ ಅಂಗಡಿಯ ಮುಂದೆ ಇರುತ್ತೇನೆ. ಅಕ್ಕನಿಗೆ ಊಟ ಮಾಡಿಸು. ನಾನು ಬರುತ್ತಿದ್ದೇನೆ ಎಂದು ಮಾತ್ರ ಹೇಳು.

ಆವತ್ತು ನಾವಿಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಬಂದೆವು. ಪಡಸಾಲೆಯಲ್ಲಿ ಎರಡು ಕೋಣೆಯವರು ಮಾತಾಡಬಾರದು ಎಂಬ ನಿಯಮವಿತ್ತು. ನಾವು ಆಗಲೂ ಅದನ್ನು ಪಾಲಿಸಿದೆವು. ಆಸ್ಪತ್ರೆಯವರೆಗೂ ಒಂದೇ ಗಾಡಿಯಲ್ಲಿ ಪಕ್ಕಪಕ್ಕ ಕೂತು, ಅವಳು ಆ ಕಡೆ, ನಾನು ಈ ಕಡೆ ನೋಡುತ್ತಾ ಹೋದೆವು. ಅಮ್ಮ ಹೋದಳು ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳಲೇ ಇಲ್ಲ.

ಅವಳೇ ಹೇಳಲಿ. ನನಗೆ ಇನ್ನೂ ಯಾರೂ ಹೇಳಿಲ್ಲ.

ನಿನ್ನ ಚಿಕ್ಕಮ್ಮ